ಮುಂಬೈಗೆ ಹೊರಡುವ ಮೊದಲು ಮೇಣದ ಬ್ಲಾಕ್ ತೆಗೆದುಕೊಳ್ಳಿ

ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮರುಕಳಿಸಿದ ಅಣ್ಣನನ್ನು ಕಾರವಾರದಿಂದ ಮುಂಬೈಗೆ ಕಾರ್-ಟಿ ಚಿಕಿತ್ಸೆಗೆ ಕರೆದೊಯ್ಯಲು ಬಯಾಪ್ಸಿ ವರದಿಯೊಂದೇ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕಾರ್-ಟಿ ಎಂದರೆ ರೋಗಿಯ ರಕ್ತದಿಂದಲೇ ಟಿ-ಕೋಶ ಎಂಬ ರಕ್ಷಣಾ ಕೋಶಗಳನ್ನು ಸಂಗ್ರಹಿಸಿ, ಕ್ಯಾನ್ಸರ್ ಹುಡುಕಿ ಹೊಡೆಯುವಂತೆ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆ. ಐಐಟಿ ಬಾಂಬೆ, ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ, 2023ರಲ್ಲಿ ಅನುಮತಿ ಸಿಕ್ಕ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆ ಹುಡುಕಿ ಹೊಡೆಯುವುದು ಬಿ-ಕೋಶ ಎಂಬ ಬಿಳಿ ರಕ್ತಕಣದ ಮೇಲಿನ ಸಿಡಿ19 ಎಂಬ ಪ್ರೋಟೀನ್ ಗುರುತನ್ನು. ಅದಿದೆಯೇ ಎಂದು ಗಂಟಿನ ತುಣುಕಿನಲ್ಲೇ ನೋಡಬೇಕು. ಹಾಗಾಗಿ ಬಯಾಪ್ಸಿ ಮಾಡಿದ ಲ್ಯಾಬಿಗೆ ಅರ್ಜಿ ಕೊಟ್ಟು ಮೇಣದ ಬ್ಲಾಕ್ (ಆ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು), ಸ್ಲೈಡ್ (ಅದರ ತೆಳು ಪದರ ಅಂಟಿಸಿದ ಗಾಜು) ಎರಡನ್ನೂ ಪಡೆಯಿರಿ. ಬ್ಲಾಕಿನ ಅಂಚಿನಲ್ಲಿರುವ ನಂಬರು ವರದಿಯ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗುತ್ತದೆ, ಕೈಚೀಲದಲ್ಲೇ ಇರಲಿ. ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅಲ್ಲಿಯ ವೈದ್ಯರಿಗೆ ಮೊದಲೇ ತಿಳಿಸಿ. ಟಿ-ಕೋಶ ಸಂಗ್ರಹಕ್ಕೆ ಅದು ಅಡ್ಡಿ, ಆದರೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.