ಕಸ ಗುಡಿಸುವ ರೋಬೋಟ್ ಮತ್ತು ಕೊಡಗಿನ ಹೊಸ್ತಿಲು

ಗೃಹಬಳಕೆಯ ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುವ ನನಗೆ, ಮಿಕ್ಸಿ ಮತ್ತು ಗೀಸರ್‌ಗಳ ವಿಚಾರವನ್ನು ಹಿಂದಿಕ್ಕಿ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ನೆಲದ ಮೇಲೆ ತಾನೇ ಓಡಾಡಿ ಕಸ ಹೀರುವ ರೋಬೋಟ್ ವ್ಯಾಕ್ಯೂಮ್ ಕೊಳ್ಳಬಹುದೇ? ಕೇಳುವವರು ಯಂತ್ರದ ಬೆಲೆಯನ್ನು ಬರೆದಿರುತ್ತಾರೆ, ಜಾಹೀರಾತಿನ ಸಂಖ್ಯೆಗಳನ್ನೂ ಬರೆದಿರುತ್ತಾರೆ. ತಮ್ಮ ಮನೆಯ ನೆಲ ಯಾವುದು, ಹೊಸ್ತಿಲು ಎಷ್ಟು ಎತ್ತರ ಎಂಬುದನ್ನು ಬರೆಯುವವರು ಅಪರೂಪ. ಈ ಬಾರಿ ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತೇನೆ. ಯಂತ್ರವನ್ನು ಫೋನಿಗೆ ಜೋಡಿಸುವುದು ಹೇಗೆ, ಗುಂಡಿ ಎಲ್ಲಿದೆ ಎಂಬುದೆಲ್ಲ ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿರುವುದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ತೋಟದಲ್ಲಿ ನಮ್ಮದು ಹಳೆಯ ಮನೆ. ನಡುಮನೆಯ ನೆಲ ಕೆಂಪು ಗಾರೆ, ಸುತ್ತಲೂ ಒಂದೂವರೆ ಅಡಿ ಅಗಲದ ಕಪ್ಪು ಅಂಚು ಇದೆ. ಹಿಂಬದಿಗೆ ಹೊಸದಾಗಿ ಕಟ್ಟಿಸಿದ ಎರಡು ಕೋಣೆಗಳಿಗೆ ಟೈಲ್ಸ್ ಹಾಕಿಸಿದ್ದೇವೆ. ಅತ್ತೆಯವರಿಗೆ ಮಂಡಿನೋವು, ನನಗೆ ಬೆನ್ನುನೋವು. ಮನೆಗೆಲಸದವರು ಕಾಫಿ ಕೊಯ್ಲು ಆರಂಭವಾದರೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಎರಡು ನಾಯಿಗಳಿವೆ. ಲೇಸರ್ ಬೆಳಕಿನಿಂದ ದಾರಿ ಕಂಡುಕೊಳ್ಳುವ, ನೆಲವನ್ನೂ ಒರೆಸುವ, ಸುಮಾರು ಮೂವತ್ತು ಸಾವಿರ ರೂಪಾಯಿಯ ರೋಬೋಟ್ ವ್ಯಾಕ್ಯೂಮ್ ಕೊಡಿಸುತ್ತೇನೆ ಎಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಿದ್ದಾನೆ. ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಹಳೆಯ ಮನೆಗೆ ಬೇಡ. ಹಿಂಬದಿಯ ಎರಡು ಕೋಣೆಗಳಿಗೆ ಮಾತ್ರ ಎನ್ನುವುದಾದರೆ ಅರ್ಧ ಬೆಲೆಯ ಯಂತ್ರವೂ ಸಾಕಾಗುತ್ತದೆ. ಅಪರೂಪಕ್ಕೆ ನೆಲದ ಬಣ್ಣವನ್ನೂ ಬರೆದ ಓದುಗರು ಸಿಕ್ಕಿರುವುದರಿಂದ ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ.

ಅಮೆರಿಕದ ಐರೋಬೋಟ್ ಸಂಸ್ಥೆಯು 2002ರಲ್ಲಿ ರೂಂಬಾ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಜಾತಿಯ ಯಂತ್ರಗಳಿಗೆ ಲೇಸರ್ ಬಂತು, ಕ್ಯಾಮೆರಾ ಬಂತು, ಒರೆಸುವ ಬಟ್ಟೆಯೂ ಬಂತು. ಆದರೆ ಮೂಲ ಕಲ್ಪನೆ ಮಾತ್ರ ಹಾಗೆಯೇ ಉಳಿದಿದೆ. ಸಮತಟ್ಟಾದ ನೆಲದ ಮೇಲೆ ಒಣಧೂಳು, ಕೂದಲು, ತಿಂಡಿಯ ಚೂರು ಬಿದ್ದಿರುತ್ತದೆ, ಅದನ್ನು ದಿನಕ್ಕೊಮ್ಮೆ ಎತ್ತಿಕೊಳ್ಳಬೇಕು ಎಂಬುದೇ ಆ ಕಲ್ಪನೆ. ನಮ್ಮ ಐನ್‌ಮನೆಗಳನ್ನೂ (ಕೊಡವ ಕುಟುಂಬಗಳ ಮೂಲಮನೆಗಳು) ಅವುಗಳ ಮಾದರಿಯಲ್ಲಿ ಕಟ್ಟಿದ ಹಳೆಯ ಮನೆಗಳನ್ನೂ ನೋಡಿ. ಕೈಯಾಲೆಯಿಂದ, ಅಂದರೆ ಮುಂದಿನ ಜಗಲಿಯಿಂದ, ಒಳಗೆ ಬರಲು ಒಂದು ಹೊಸ್ತಿಲು, ಒಳಕೋಣೆಗೆ ಇನ್ನೊಂದು, ಅಡುಗೆಮನೆಗೆ ಇಳಿಯಲು ಒಂದು ಮೆಟ್ಟಿಲು. ಸಾಮಾನ್ಯ ರೋಬೋಟ್ ವ್ಯಾಕ್ಯೂಮ್ ಹತ್ತುವುದು ಸುಮಾರು 2 ಸೆಂಟಿಮೀಟರ್ ಎತ್ತರವನ್ನು ಮಾತ್ರ. ನಿಮ್ಮ ಮರದ ಹೊಸ್ತಿಲು ಅಂಗೈ ಅಗಲಕ್ಕಿಂತ ಕಡಿಮೆ ಇರಲಾರದು. ಚಕ್ರವನ್ನು ಮೇಲೆತ್ತಿ ಹೆಚ್ಚು ಎತ್ತರ ಹತ್ತುವ ದುಬಾರಿ ಮಾದರಿಗಳು ಈಚೆಗೆ ಬಂದಿವೆಯಾದರೂ ನಿಮ್ಮ ಮಗ ಹೇಳುತ್ತಿರುವ ಬೆಲೆಗೆ ಅವು ಸಿಗುವುದಿಲ್ಲ. ಹಾಗಾದರೆ ಪ್ರತಿ ಕೋಣೆಗೂ ಯಂತ್ರವನ್ನು ಎತ್ತಿಕೊಂಡು ಹೋಗಿ ಇಡುವವರು ಯಾರು? ಮಂಡಿನೋವಿರುವ ಅತ್ತೆಯವರೋ, ಬೆನ್ನುನೋವಿರುವ ನೀವೋ?

ಎರಡನೆಯದು ಆ ಕಪ್ಪು ಅಂಚು. ಯಂತ್ರವು ಮೆಟ್ಟಿಲಿನಿಂದ ಉರುಳದಿರಲೆಂದು ಅದರ ಹೊಟ್ಟೆಯ ಕೆಳಗೆ ನಾಲ್ಕೈದು ಸೆನ್ಸರ್‌ಗಳನ್ನು ಇಟ್ಟಿರುತ್ತಾರೆ. ಅವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಟ್ಟು, ಅದು ಮರಳಿ ಬಂದರೆ ನೆಲವಿದೆ ಎಂದೂ ಬಾರದಿದ್ದರೆ ಮುಂದೆ ಹೊಂಡವಿದೆ ಎಂದೂ ತಿಳಿಯುತ್ತವೆ. ಕಪ್ಪು ನೆಲ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಅನೇಕ ಯಂತ್ರಗಳಿಗೆ ಅದು ನೆಲವಾಗಿ ಕಾಣದೆ ಹೊಂಡವಾಗಿ ಕಾಣುತ್ತದೆ. ಇಂಥದ್ದೇ ನಡುಮನೆಯೊಂದರಲ್ಲಿ ನಾನು ಅರ್ಧ ಗಂಟೆ ಕುಳಿತು ನೋಡಿದ್ದೇನೆ. ಯಂತ್ರ ಕೆಂಪು ನೆಲದ ಮೇಲೆ ನೆಟ್ಟಗೆ ಬರುತ್ತದೆ, ಕಪ್ಪು ಅಂಚಿಗೆ ಬಂದೊಡನೆ ಬಾವಿಯ ಕಟ್ಟೆಗೆ ಬಂದ ಕರುವಿನಂತೆ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ತಿರುಗುತ್ತದೆ, ಎದುರಿನ ಅಂಚಿಗೆ ಹೋಗಿ ಮತ್ತೆ ನಿಲ್ಲುತ್ತದೆ. ನಡುವಿನ ಕೆಂಪು ನೆಲ ಮಿಂಚುತ್ತಿತ್ತು. ಕಸವೆಲ್ಲ ಸೇರುವುದು ಗೋಡೆಯ ಬುಡದಲ್ಲಿ, ಅಂದರೆ ಆ ಕಪ್ಪು ಅಂಚಿನಲ್ಲಿ, ಮತ್ತು ಅದು ಹಾಗೆಯೇ ಬಿದ್ದಿತ್ತು.

ಸೆನ್ಸರ್‌ಗಳ ಮೇಲೆ ಬಿಳಿ ಕಾಗದ ಅಂಟಿಸಿದರೆ ಸರಿಹೋಗುತ್ತದೆ ಎಂದು ವಿಡಿಯೋಗಳಲ್ಲಿ ಬೋಧಿಸುವ ಪಂಡಿತರಿದ್ದಾರೆ. ಸರಿಹೋಗುವುದು ನಿಜ, ಏಕೆಂದರೆ ಅಲ್ಲಿಂದ ಮುಂದೆ ಯಂತ್ರಕ್ಕೆ ಎಲ್ಲವೂ ನೆಲವೇ. ನನ್ನ ಸಂಬಂಧಿಕರೊಬ್ಬರು ಈ ಉಪದೇಶವನ್ನು ಪಾಲಿಸಿದ ಮರುದಿನವೇ ಯಂತ್ರ ಜಗಲಿಯಿಂದ ಅಂಗಳಕ್ಕೆ ಬಿದ್ದು, ನೆತ್ತಿಯ ಮೇಲಿನ ಲೇಸರಿನ ಗೋಪುರ ಮುರಿದುಕೊಂಡು ನನ್ನ ಮೇಜಿಗೆ ಬಂತು. ಕಾಗದವಿನ್ನೂ ಅಂಟಿಕೊಂಡೇ ಇತ್ತು. ದಯವಿಟ್ಟು ಇದನ್ನು ಮಾಡಬೇಡಿ.

ಮೂರನೆಯದು ಮಳೆಗಾಲ. ಕುಶಾಲನಗರದ ಕಡೆಯವರಿಗೆ ಇದು ಅಷ್ಟಾಗಿ ಅನ್ವಯಿಸದು. ನಾಪೋಕ್ಲು, ಭಾಗಮಂಡಲ, ಮಡಿಕೇರಿ ಕಡೆಯವರಿಗೆ ನಾನು ಮಳೆಯನ್ನು ವರ್ಣಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಬರುವುದು ಒಣಧೂಳಲ್ಲ; ಚಪ್ಪಲಿಗೆ, ನಾಯಿಯ ಪಾದಕ್ಕೆ ಮೆತ್ತಿಕೊಂಡ ಕೆಂಪು ಕೆಸರು. ವ್ಯಾಕ್ಯೂಮ್ ಎಂಬುದು ಗಾಳಿಯಿಂದ ಹಗುರವಾದುದನ್ನು ಎತ್ತುವ ಸಾಧನ. ಕೆಸರನ್ನು ಅದು ಎತ್ತುವುದಿಲ್ಲ, ಬ್ರಷ್‌ನಿಂದ ನೆಲಕ್ಕೆ ಸವರುತ್ತದೆ. ಎತ್ತಿದಷ್ಟು ಕೆಸರು ಗಾಳಿಯ ಕೊಳವೆಯೊಳಗೆ ಒಣಗಿ ಹೆಂಚಿನಂತೆ ಗಟ್ಟಿಯಾಗುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ಬಿಚ್ಚಿದ ಒಂದು ಯಂತ್ರದ ಉರುಳು ಬ್ರಷ್ಷಿನ ತುದಿಯಲ್ಲಿ ನಾಯಿಯ ಕೂದಲು, ಗೋಣಿಚೀಲದ ನಾರು ಮತ್ತು ಕೆಂಪು ಮಣ್ಣು ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗಿದ್ದವು. ಆ ಹಗ್ಗದ ಉಜ್ಜಾಟಕ್ಕೆ ಬ್ರಷ್ ಕೂರುವ ಪ್ಲಾಸ್ಟಿಕ್ ಬಿಲ್ಲೆಯೇ ಕರಗಿ ವಾಲಿತ್ತು. ಮನೆಯವರು ಹೇಳಿದ್ದು ಇಷ್ಟೇ: ‘ಸ್ವಲ್ಪ ಶಬ್ದ ಬರುತ್ತಿತ್ತು.’ ಕೂದಲನ್ನು ವಾರಕ್ಕೊಮ್ಮೆ ಕತ್ತರಿಸಿ ತೆಗೆದಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು.

ಇನ್ನು ಒರೆಸುವ ವಿಚಾರ. ಈ ಬೆಲೆಯ ಹೆಚ್ಚಿನ ಯಂತ್ರಗಳು ಒಂದು ಒದ್ದೆ ಬಟ್ಟೆಯನ್ನು ಹಿಂದೆ ಕಟ್ಟಿಕೊಂಡು ಎಳೆದೊಯ್ಯುತ್ತವೆ. ಅತ್ತೆಯವರು ಕೈಯೂರಿ, ಬಟ್ಟೆಯನ್ನು ನಾಲ್ಕು ಬಾರಿ ಹಿಂಡಿ ಒರೆಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೊದಲ ಕೋಣೆಯ ಕೊಳೆಯನ್ನು ಅದೇ ಬಟ್ಟೆ ಕೊನೆಯ ಕೋಣೆಗೆ ಕೊಂಡೊಯ್ಯುತ್ತದೆ. ಜುಲೈ ತಿಂಗಳಲ್ಲಿ ಹೊರಗೆ ಹರವಿದ ಪಂಚೆಯೇ ಮೂರು ದಿನ ಒಣಗದ ನಮ್ಮಲ್ಲಿ, ಯಂತ್ರಕ್ಕೆ ಅಂಟಿಸಿಯೇ ಬಿಟ್ಟ ಬಟ್ಟೆ ಮರುದಿನವೇ ಮುಗ್ಗಲು ವಾಸನೆ ಹೊಡೆಯುತ್ತದೆ, ನಾಲ್ಕನೆಯ ದಿನ ಬೂಷ್ಟು ಹಿಡಿಯುತ್ತದೆ. ತೊಳೆದ ಫಿಲ್ಟರ್ ಕೂಡ ಪೂರ್ತಿ ಒಣಗುವ ಮುನ್ನ ಹಾಕಬಾರದು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆಯಲ್ಲಿ ಒಣಗಿಸುವವರನ್ನೂ ಕಂಡಿದ್ದೇನೆ. ಹೊಗೆಯ ಜಿಡ್ಡು ಕುಳಿತ ಫಿಲ್ಟರನ್ನು ಎಸೆಯಬೇಕಾಗುತ್ತದೆ. ಮಳೆಗಾಲಕ್ಕೆಂದು ಒಂದು ಜೊತೆ ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳುವುದೊಂದೇ ದಾರಿ.

ನಾಯಿಗಳ ವಿಚಾರದಲ್ಲಿ ಒಂದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಲೇಸರ್ ಇರುವುದು ಯಂತ್ರದ ನೆತ್ತಿಯ ಮೇಲೆ. ಅದು ಗೋಡೆ, ಕುರ್ಚಿಯ ಕಾಲುಗಳನ್ನು ಕತ್ತಲಲ್ಲೂ ಚೆನ್ನಾಗಿ ಕಾಣುತ್ತದೆ, ಆದರೆ ತನಗಿಂತ ತಗ್ಗಿನಲ್ಲಿರುವ ಚಪ್ಪಲಿ, ಚಾರ್ಜರ್ ವಯರು, ರಾತ್ರಿ ನಾಯಿಮರಿ ಮಾಡಿಟ್ಟ ಹೊಲಸು ಯಾವುದನ್ನೂ ಕಾಣದು. ಬೆಳಗಿನ ಜಾವಕ್ಕೆ ತಾನೇ ಓಡುವಂತೆ ಸಮಯ ಗೊತ್ತುಮಾಡಿ ಮಲಗಿದ ಮನೆಯವರು ಎದ್ದು ನೋಡಿದಾಗ ಏನಾಗಿತ್ತು ಎಂಬುದನ್ನು ಓದುಗರ ಊಟದ ಹೊತ್ತನ್ನು ನೆನೆದು ಬಿಡುತ್ತೇನೆ. ಅಂಥ ಯಂತ್ರಗಳನ್ನು ನಾನು ದುರಸ್ತಿಗೆ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಯಂತ್ರವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕುಶಾಲನಗರದ ಬಡಾವಣೆಯಲ್ಲಿ ತಿಳಿಬಣ್ಣದ ಟೈಲ್ಸ್ ಹಾಕಿದ, ಹೊಸ್ತಿಲಿಲ್ಲದ, ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಎರಡು ಕೋಣೆಯ ಮನೆಗೆ ಇದು ನಿಜಕ್ಕೂ ಉಪಕಾರಿ. ಅಲ್ಲಿ ಮಂಚದ ಕೆಳಗೆ ಪೊರಕೆ ತಲುಪದ ಧೂಳನ್ನು ದಿನವೂ ತೆಗೆದುಹಾಕುವುದನ್ನು ಕಂಡು ಮೆಚ್ಚಿದ್ದೇನೆ. ಲೇಸರ್ ಗೋಪುರವಿರುವ ಯಂತ್ರ ನುಗ್ಗಬೇಕಾದರೆ ಮಂಚದ ಕೆಳಗೆ ಕನಿಷ್ಠ 10 ಸೆಂಟಿಮೀಟರ್ ಜಾಗವಿರಬೇಕು ಎಂಬುದನ್ನು ಅಳೆದು ಕೊಳ್ಳಿ. ಅಲ್ಲಿಯೂ ಪೊರಕೆಯನ್ನು ಎಸೆಯಲಾಗದು, ಏಕೆಂದರೆ ದುಂಡಗಿನ ಯಂತ್ರ ಮೂಲೆಗೆ ಪೂರ್ತಿ ತಲುಪುವುದಿಲ್ಲ.

ನಿಮ್ಮ ಮನೆಗೆ ನನ್ನ ಸಲಹೆ ಇದು. ಬಾಗದೆ ನಿಂತೇ ಗುಡಿಸಬಹುದಾದ ಉದ್ದ ಹಿಡಿಯ ಪೊರಕೆಯನ್ನೂ, ಬಕೆಟ್ಟಿನಲ್ಲಿ ತಿರುಗಿಸಿ ಹಿಂಡುವ ಮಾಪನ್ನೂ ತನ್ನಿ. ಎರಡೂ ಸೇರಿ ಎರಡು ಸಾವಿರ ದಾಟುವುದಿಲ್ಲ. ನಾಯಿಯ ಕೂದಲಿಗೆ ವಯರಿನ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಸಾಕು. ಬಾಗಿಲ ಬಳಿ ಎರಡು ಒರಟು ಕಾಲೊರಸುಗಳನ್ನು ಹಾಕಿ, ಮಳೆಗಾಲದಲ್ಲಿ ನಾಯಿಗಳ ಪಾದ ಒರೆಸದೆ ಒಳಗೆ ಬಿಡಬೇಡಿ. ಮಗನಿಗೆ ಬೇಸರವಾಗುತ್ತದೆಂದಾದರೆ, ಹಿಂಬದಿಯ ಕೋಣೆಗಳಿಗಷ್ಟೇ ಚಿಕ್ಕದೊಂದನ್ನು ಕೊಡಿಸಲಿ, ಡಿಸೆಂಬರ್‌ನಿಂದ ಮೇವರೆಗಿನ ಧೂಳಿನ ತಿಂಗಳುಗಳಲ್ಲಿ ಓಡಿಸಿ.

ಪ್ರಶ್ನೆ: ಯಂತ್ರದ ಹೀರುವ ಶಕ್ತಿ 5,000 ಪಾಸ್ಕಲ್ ಇದ್ದರೆ ಒಳ್ಳೆಯದೋ, 20,000 ಪಾಸ್ಕಲ್ ಇದ್ದರೆ ಒಳ್ಳೆಯದೋ?

ಉತ್ತರ: ಪಾಸ್ಕಲ್ ಎಂಬುದು ಒತ್ತಡದ ಅಳತೆ, ಎಷ್ಟು ಗಾಳಿ ಹರಿಯುತ್ತದೆ ಎಂಬುದರ ಅಳತೆಯಲ್ಲ, ಟೈಲ್ಸ್ ನೆಲಕ್ಕೆ ಚಿಕ್ಕ ಸಂಖ್ಯೆಯೇ ಧಾರಾಳ, ಬ್ರಷ್ ಹೇಗಿದೆ ನೋಡಿ.

ಪ್ರಶ್ನೆ: ನೀಲಿ ಬೆಳಕಿನಿಂದ ಕ್ರಿಮಿಗಳನ್ನು ಕೊಲ್ಲುವ ಮಾದರಿ ಮಗುವಿರುವ ಮನೆಗೆ ಒಳ್ಳೆಯದಲ್ಲವೇ?

ಉತ್ತರ: ಓಡುತ್ತಿರುವ ಯಂತ್ರ ನೆಲದ ಒಂದು ಜಾಗದ ಮೇಲೆ ಕ್ಷಣಮಾತ್ರ ಬೀರುವ ಬೆಳಕನ್ನು ನಂಬಿ ಹಣ ಕೊಡಬೇಡಿ. ನೀಲಿ ಬಣ್ಣದ ದೀಪವೆಲ್ಲ ಕ್ರಿಮಿ ಕೊಲ್ಲುವ ಅತಿನೇರಳೆ ದೀಪವೂ ಅಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಇಂಟರ್‌ನೆಟ್ ಆಗಾಗ ಹೋಗುತ್ತದೆ. ಯಂತ್ರ ನಿಂತುಬಿಡುತ್ತದೆಯೇ?

ಉತ್ತರ: ಯಂತ್ರದ ಮೇಲಿರುವ ಗುಂಡಿ ಒತ್ತಿದರೆ ಓಡುತ್ತದೆ. ಮೊದಲ ಸಲ ಜೋಡಿಸುವಾಗ ವೈಫೈ ಅನ್ನು 2.4 ಗಿಗಾಹರ್ಟ್ಸ್‌ನಲ್ಲಿ ಇಡಿ. 5ರಲ್ಲಿಟ್ಟು ಕೂಡುತ್ತಿಲ್ಲ ಎಂದು ನನಗೆ ಫೋನ್ ಮಾಡಬೇಡಿ.

ಪ್ರಶ್ನೆ: ಕ್ಯಾಮೆರಾ ಇರುವ ಯಂತ್ರದಿಂದ ಮನೆಯ ಚಿತ್ರಗಳು ಹೊರಗೆ ಹೋಗುತ್ತವೆಯೇ?

ಉತ್ತರ: ಹೋಗಿದ್ದಿದೆ. ಪರೀಕ್ಷೆಗೆಂದು ಮನೆಗಳಲ್ಲಿ ಓಡಿಸುತ್ತಿದ್ದ ರೂಂಬಾ ಯಂತ್ರಗಳು ತೆಗೆದ ಖಾಸಗಿ ಚಿತ್ರಗಳು ಫೇಸ್‌ಬುಕ್‌ ಸೇರಿದ್ದು 2022ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಲೇಸರ್ ಮಾತ್ರ ಇರುವುದನ್ನು ಕೊಳ್ಳಿ. ನಾನಾದರೆ ಕ್ಯಾಮೆರಾದ್ದನ್ನು ಮಲಗುವ ಕೋಣೆಗೆ ಬಿಡೆನು.

ಪ್ರಶ್ನೆ: ಯಂತ್ರದ ಕಸವನ್ನು ತಾನೇ ಖಾಲಿ ಮಾಡುವ ಡಾಕ್ (ಯಂತ್ರ ಮರಳಿ ಬಂದು ಚಾರ್ಜ್ ಆಗುವ ನೆಲೆ) ಇರುವ ಮಾದರಿಗೆ ಹತ್ತು ಸಾವಿರ ಹೆಚ್ಚು. ಬೇಕೇ?

ಉತ್ತರ: ಡಾಕ್‌ನೊಳಗೆ ಕಸ ತುಂಬುವ ಚೀಲಗಳನ್ನು ಜೀವನಪೂರ್ತಿ ಕೊಳ್ಳುತ್ತಿರಬೇಕು, ಮಳೆಗಾಲದಲ್ಲಿ ಆ ಚೀಲದೊಳಗಿನ ತೇವದ ಕಸ ವಾರಗಟ್ಟಲೆ ಕೊಳೆಯುತ್ತದೆ. ನಮ್ಮ ಕಡೆಗೆ ಬೇಡ.

ಪ್ರಶ್ನೆ: ಎರಡು ವರ್ಷಕ್ಕೇ ಬ್ಯಾಟರಿ ಹತ್ತು ನಿಮಿಷ ನಿಲ್ಲುತ್ತಿಲ್ಲ. ಇಲ್ಲೊಬ್ಬರು ಐನೂರು ರೂಪಾಯಿಗೆ ಒಳಗಿನ ಸೆಲ್ ಬದಲಿಸಿಕೊಡುತ್ತಾರಂತೆ.

ಉತ್ತರ: ಆ ಐನೂರರ ಸೆಲ್‌ಗಳು ಸಾಮಾನ್ಯವಾಗಿ ಬರುವುದು ಸತ್ತ ಲ್ಯಾಪ್‌ಟಾಪ್‌ಗಳ ಹೊಟ್ಟೆಯಿಂದ. ವಯಸ್ಸು, ಸಾಮರ್ಥ್ಯ ಹೊಂದದ ಲಿಥಿಯಂ ಸೆಲ್‌ಗಳನ್ನು ಬೆಸೆದು, ರಾತ್ರಿಯಿಡೀ ಚಾರ್ಜಿಗೆ ಹಾಕಿ, ಮರದ ಅಟ್ಟವಿರುವ ಮನೆಯಲ್ಲಿ ಮಲಗುವ ಧೈರ್ಯ ನನಗಿಲ್ಲ. ಹೀಗೆ ಉಬ್ಬಿದ ಬ್ಯಾಟರಿಯೊಂದನ್ನು ಮರಳಿನ ಬಕೆಟ್ಟಿನಲ್ಲಿಟ್ಟು ಅಂಗಡಿಯ ಹೊರಗೆ ರಾತ್ರಿ ಕಳೆಸಿದವನು ನಾನು. ಕಂಪನಿಯ ಬ್ಯಾಟರಿಯನ್ನೇ ತರಿಸಿ, ಸಿಗದಿದ್ದರೆ ಯಂತ್ರವನ್ನು ಬಿಟ್ಟುಬಿಡಿ. ಕೊಳ್ಳುವ ಮುನ್ನವೇ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ, ಸರ್ವಿಸ್ ಮೈಸೂರಿನಲ್ಲಾದರೂ ಇದೆಯೇ ಎಂದು ಕೇಳಬೇಕಿತ್ತು. ಮಳೆಗಾಲದಲ್ಲಿ ಬಳಸದೆ ಎತ್ತಿಡುವವರು ಅರ್ಧದಷ್ಟು ಚಾರ್ಜ್ ಇಟ್ಟು, ಸ್ವಿಚ್ ಆರಿಸಿ ಇಡಿ. ಪೂರ್ತಿ ಖಾಲಿಯಾಗಿ ನಾಲ್ಕು ತಿಂಗಳು ಬಿದ್ದ ಬ್ಯಾಟರಿ ಮತ್ತೆ ಏಳುವುದು ಕಷ್ಟ.

ಪ್ರಶ್ನೆ: ಡಾಕ್ ಅನ್ನು ಯಾವಾಗಲೂ ಪ್ಲಗ್‌ನಲ್ಲೇ ಬಿಡಬಹುದೇ?

ಉತ್ತರ: ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಬಿಡಬೇಡಿ. ಸಿಡಿಲಿಗೆ ಟಿವಿಯ ವಯರು ಕಳಚುವವರು ಇದನ್ನು ಮರೆತು ಅಡಾಪ್ಟರ್ ಸುಟ್ಟುಕೊಂಡು ಬರುತ್ತಾರೆ.

ಪ್ರಶ್ನೆ: ಬೆಂಗಳೂರಿನ ನೆಂಟರು ಮೂರು ವರ್ಷ ಬಳಸಿದ ಯಂತ್ರವನ್ನು ಎಂಟು ಸಾವಿರಕ್ಕೆ ಕೊಡುತ್ತಾರಂತೆ.

ಉತ್ತರ: ಬಿಟ್ಟಿಯಾಗಿ ಕೊಟ್ಟರೆ, ಅವರ ಫೋನಿನ ಖಾತೆಯಿಂದ ಯಂತ್ರವನ್ನು ತೆಗೆಸಿದ ಮೇಲೆ ತನ್ನಿ. ಎಂಟು ಸಾವಿರಕ್ಕೆ ಬೇಡ.