ಓದುಗರ ಪ್ರಶ್ನೋತ್ತರ: ಹೊಳೆಯಾಚೆಯ ದಾಯಾದಿಗಳು ಮತ್ತು ಡಿಎನ್‌ಎ ಪರೀಕ್ಷೆ

ಪ್ರಶ್ನೆ: ನಮ್ಮದು ಹೊಳೆದಂಡೆಯ ಊರು. ಧಾತು ಬರದ (1876ರ) ಕಾಲಕ್ಕೆ ನನ್ನ ಮುತ್ತಜ್ಜನ ತಂದೆ ಇಲ್ಲಿಯೇ ಉಳಿದರೆಂದೂ, ಅವರ ತಮ್ಮ ತುಂಗಭದ್ರೆಯನ್ನು ದಾಟಿ ಸಿಂಧನೂರು ಸೀಮೆಯಲ್ಲಿ ನೆಲೆಸಿದರೆಂದೂ ಹಿರಿಯರು ಹೇಳುತ್ತಿದ್ದರು. ಆ ಕಡೆಯ ಮನೆತನವೊಂದರ ಬೆಡಗು (ಗೋತ್ರದಂಥ ಕುಲಗುರುತು) ಮತ್ತು ಮನೆದೇವರು ನಮ್ಮವೇ ಆಗಿದ್ದು, ಅಡ್ಡಹೆಸರು ಮಾತ್ರ ಬೇರೆ ಇದೆ. ನಾನು ತಂದೆಯ ಕಡೆಯ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡರೆ ಇದು ನಿಜವೋ ಅಲ್ಲವೋ ತಿಳಿಯುತ್ತದೆಯೇ?
— ಓದುಗರು, ಸಿರುಗುಪ್ಪ

ಉತ್ತರ: ನೀವೊಬ್ಬರೇ ಮಾಡಿಸಿಕೊಂಡರೆ ತಿಳಿಯುವುದಿಲ್ಲ. ಈ ಪರೀಕ್ಷೆ ಓದುವ, ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು (ಕ್ರೋಮೋಸೋಮ್) ತಂದೆಯಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಇಳಿದು ಬರುತ್ತದೆ. ಆದರೆ ಅದರ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಪ್ರಯೋಗಾಲಯದಿಂದ ನಿಮಗೆ ಬರುವುದು ಒಂದು ಅಂಕಿಪಟ್ಟಿ ಮಾತ್ರ. ಡಿವೈಎಸ್ 390 ಎಂಬ ಗುರುತಿನ ಮುಂದೆ 24 ಎಂದಿದ್ದರೆ, ಆ ಜಾಗದಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳ ಒಂದು ತುಣುಕು ಇಪ್ಪತ್ನಾಲ್ಕು ಸಲ ಮರುಕಳಿಸಿದೆ ಎಂದು ಅರ್ಥ. ಹೊಳೆಯಾಚೆಯ ಮನೆಯವರೊಬ್ಬರ ಪಟ್ಟಿಯನ್ನು ಅದರ ಪಕ್ಕದಲ್ಲಿ ಇಟ್ಟು ಓದಿದಾಗಲೇ ಆ 24ಕ್ಕೆ ಬೆಲೆ ಬರುವುದು. ಆದ್ದರಿಂದ ಪರೀಕ್ಷೆಗಿಂತ ಮೊದಲು ವಂಶಾವಳಿಯನ್ನು ಕಾಗದದ ಮೇಲೆ ಇಳಿಸಿಕೊಳ್ಳಿ.

ನಿಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟು ಓದುವ ಹೆಳವರು ಇನ್ನೂ ಬರುತ್ತಿದ್ದರೆ ಅವರಿಂದಲೇ ಆರಂಭಿಸಿ. ಸುಗ್ಗಿ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು, ಬಟ್ಟೆಯ ಗಂಟು ಬಿಚ್ಚಿ, ಹೊತ್ತಿಗೆಯಿಂದ ಅವರು ಹೆಸರುಗಳನ್ನು ಓದುತ್ತಾ ಹೋಗುವಾಗ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ; ಅದೇ ಹೆಳವರು ಹೊಳೆಯಾಚೆಯ ಮನೆಗೂ ಹೋಗುತ್ತಾರೆಯೇ ಎಂದು ತಪ್ಪದೆ ಕೇಳಿ. ಒಂದು ಎಚ್ಚರಿಕೆ ಬೇಕು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿಯಾದ್ದರಿಂದ ಬಸಪ್ಪ, ಈರಪ್ಪ, ಮತ್ತೆ ಬಸಪ್ಪ, ಮತ್ತೆ ಈರಪ್ಪ ಎಂದು ಸಾಲು ಸಾಗುತ್ತದೆ, ಓದುವ ಭರದಲ್ಲಿ ಇಬ್ಬರು ಬಸಪ್ಪಂದಿರು ಒಬ್ಬರಾಗಿಬಿಡುತ್ತಾರೆ. ಒಂದು ಹೆಸರು ಹಾಗೆ ಬಿಟ್ಟುಹೋದರೆ ಎರಡು ತಲೆಮಾರುಗಳೇ ಕಾಣೆಯಾಗುತ್ತವೆ. ಪ್ರತಿ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ ಅವಳ ತವರೂರನ್ನೂ ಕೇಳಿ ಬರೆದುಕೊಂಡರೆ ಈ ತೊಡಕು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಇನ್ನು ಸರ್ಕಾರಿ ಕಾಗದಪತ್ರಗಳು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯೇ ಎರಡು ಸರ್ಕಾರಗಳ ಗಡಿಯಾಯಿತು. ಆದ್ದರಿಂದ ಅಣ್ಣನ ದಾಖಲೆ ಮದ್ರಾಸ್ ಪ್ರಾಂತ್ಯದ್ದು, ತಮ್ಮನದು ಹೈದರಾಬಾದ್ ಸಂಸ್ಥಾನದ್ದು. ಈಚೆಯ ದಂಡೆಯಲ್ಲಿ ಕರಣಿಕರ ಲೆಕ್ಕಗಳು ಕನ್ನಡದಲ್ಲೋ ತೆಲುಗಿನಲ್ಲೋ ಇದ್ದು, ಮನೆತನಕ್ಕೆ ಇನಾಂ ಭೂಮಿ ಇದ್ದಿದ್ದರೆ 1860ರ ದಶಕದ ಇನಾಂ ರಿಜಿಸ್ಟರುಗಳಲ್ಲಿ ಹಿಡುವಳಿದಾರರ ಹೆಸರು ಸಿಕ್ಕುವ ಸಂಭವವಿದೆ; ಮದ್ರಾಸ್ ಸರ್ಕಾರದ ಹಳೆಯ ಕಡತಗಳಿರುವುದು ಚೆನ್ನೈನ ಎಗ್ಮೋರ್ ದಾಖಲೆ ಭಂಡಾರದಲ್ಲಿ. ಆಚೆಯ ದಂಡೆಯ ಕಡತಗಳು ಮೊದಲು ಪಾರ್ಸಿಯಲ್ಲಿ, 1880ರ ದಶಕದಿಂದೀಚೆಗೆ ಉರ್ದುವಿನಲ್ಲಿ ಇದ್ದು, ಸಂಸ್ಥಾನದ ದಾಖಲೆಗಳಿಗೆ ಹೈದರಾಬಾದಿನ ತಾರ್ನಾಕಾದ ದಾಖಲೆ ಭಂಡಾರಕ್ಕೆ ಹೋಗಬೇಕು. ಎರಡೂ ಕಡೆ ಕಾಣುವುದು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಕ್ಕುತ್ತದೆ. ಧಾತು ಸಂವತ್ಸರದ 1876 ಎಂದರೆ ಫಸಲಿ 1286. (ಫಸಲಿ 1340ರ ಪಹಣಿಯನ್ನು ತೋರಿಸಿ ‘ವಿಜಯನಗರದ ಕಾಲದ ಕಾಗದ’ ಎಂದು ವಾದಿಸಿದ ಹಿರಿಯರೊಬ್ಬರನ್ನು ನಾನು ಕಂಡಿದ್ದೇನೆ, ಅದು 1930ರದು.)

ಇಷ್ಟಾದ ಮೇಲೆ ಯಾರನ್ನು ಪರೀಕ್ಷೆಗೆ ಒಳಪಡಿಸಬೇಕೆಂಬುದು ವಂಶಾವಳಿಯಿಂದಲೇ ಗೊತ್ತಾಗುತ್ತದೆ. ನೀವು ಮತ್ತು ನಿಮ್ಮ ಸ್ವಂತ ತಮ್ಮ ಇಬ್ಬರೂ ಮಾಡಿಸಿಕೊಂಡರೆ ಹಣ ದಂಡ. ನಿಮ್ಮ ಜೊತೆಗೆ ಮುತ್ತಜ್ಜನ ಅಣ್ಣತಮ್ಮಂದಿರ ಕವಲಿನ ಒಬ್ಬರನ್ನು ಸೇರಿಸಿಕೊಂಡು, ಆಚೆಯ ಮನೆಯಲ್ಲಿಯೂ ಹಾಗೆಯೇ ಆದಷ್ಟು ದೂರದ ಇಬ್ಬರನ್ನು ಆರಿಸಿ. ನೀವಿಬ್ಬರು ತಾಳೆಯಾದರೆ ಬರದ ವರ್ಷ ಊರಲ್ಲಿಯೇ ಉಳಿದ ಆ ಹಿರಿಯರವರೆಗಿನ ನಿಮ್ಮ ಸಾಲು ಗಟ್ಟಿಯೆಂದು ತಿಳಿದು, ಮುಂದಿನ ಹೋಲಿಕೆಗೆ ಬುನಾದಿ ಸಿಕ್ಕುತ್ತದೆ.

ಲೆಕ್ಕ ಹೀಗಿದೆ. ನಿಮ್ಮಿಂದ, ಬರದಲ್ಲಿ ಅಗಲಿದ ಆ ಅಣ್ಣತಮ್ಮಂದಿರ ತಂದೆಯವರೆಗೆ ಐದು ತಲೆಮಾರು, ಹೊಳೆಯಾಚೆಯವರ ಕಡೆಯೂ ಐದು, ಒಟ್ಟು ಹತ್ತು ಜನನಗಳು. ಒಂದು ಗುರುತು ಬದಲಾಗುವುದು ಸರಾಸರಿ 250 ಜನನಗಳಿಗೊಮ್ಮೆ ಎಂದು ಹಿಡಿಯೋಣ. 37 ಗುರುತುಗಳ ಪರೀಕ್ಷೆಯಲ್ಲಿ ಬದಲಾವಣೆಗೆ 370 ಅವಕಾಶಗಳು ಇರುವುದರಿಂದ ಒಂದೋ ಎರಡೋ ವ್ಯತ್ಯಾಸವನ್ನು ನಿರೀಕ್ಷಿಸಬೇಕು. ಒಂದೂ ಇಲ್ಲದಿರಬಹುದು, ಮೂರಿರಬಹುದು, ನಾಲ್ಕಿದ್ದರೂ ಕಂಗೆಡಬೇಕಾಗಿಲ್ಲ. ಹದಿನೈದು ಇಪ್ಪತ್ತು ವ್ಯತ್ಯಾಸಗಳು ಕಂಡರೆ ಮಾತ್ರ ಈ ಎರಡು ಸಾಲುಗಳಿಗೆ ಆ ಕಾಲದಲ್ಲಿ ಒಬ್ಬನೇ ತಂದೆ ಇದ್ದಿರಲಾರನೆಂದು ಹೇಳಬಹುದು. 12 ಗುರುತುಗಳ ಅಗ್ಗದ ಪರೀಕ್ಷೆ ನಿಮ್ಮ ಕೆಲಸಕ್ಕೆ ಬಾರದು. ಅದರಲ್ಲಿ ಹನ್ನೆರಡಕ್ಕೆ ಹನ್ನೆರಡು ತಾಳೆಯಾದವರ ಮೂಲಪುರುಷ ಸಾವಿರ ವರ್ಷದ ಹಿಂದಿನವನೂ ಆಗಿರಬಹುದು.

ತಾಳೆಯಾಯಿತು ಎನ್ನೋಣ. ಆಗಲೂ ಬರದಲ್ಲಿ ಅಗಲಿದವರು ಅಣ್ಣತಮ್ಮಂದಿರೋ, ಕಾಕಾ ಮತ್ತು ಅಣ್ಣನ ಮಗನೋ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೋ ಎಂಬುದನ್ನು ಡಿಎನ್‌ಎ ಹೇಳಲಾರದು. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಧರ್ಮಪತ್ನಿಯಲ್ಲಿ ಅವರಿಗೆ ಗಂಡುಸಂತಾನ ಉಳಿಯಲಿಲ್ಲವಾದ್ದರಿಂದ, 1998ರಲ್ಲಿ ಅವರ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲಿ ಒಬ್ಬರಾದ ಫೀಲ್ಡ್ ಜೆಫರ್ಸನ್ ಅವರ ಗಂಡುಸಾಲಿನವರನ್ನು ಹುಡುಕಿ, ಥಾಮಸ್ ಅವರ ಮನೆಯಲ್ಲಿ ಗುಲಾಮಳಾಗಿದ್ದು, ಅವರಿಂದಲೇ ಮಕ್ಕಳನ್ನು ಪಡೆದರೆಂಬ ಮಾತಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಗ ಎಸ್ಟನ್‌ನ ಸಾಲಿನೊಡನೆ ಹೋಲಿಸಲಾಯಿತು. ವೈ ವರ್ಣತಂತು ತಾಳೆಯಾಯಿತು. ಅದು ಹೇಳಿದ್ದು ಎಸ್ಟನ್‌ನ ತಂದೆ ಜೆಫರ್ಸನ್ ವಂಶದ ಗಂಡಸು ಎಂಬಷ್ಟನ್ನೇ. ಆ ಗಂಡಸು ಥಾಮಸ್ ಅವರೇ ಎಂಬ ತೀರ್ಮಾನಕ್ಕೆ ಇತಿಹಾಸಕಾರರು ಬಂದದ್ದು, ಸ್ಯಾಲಿ ಗರ್ಭ ಧರಿಸಿದ ಕಾಲಗಳಲ್ಲೆಲ್ಲ ಅವರು ಮಾಂಟಿಸೆಲೊದ ಮನೆಯಲ್ಲಿದ್ದರೆಂದು ತೋರಿಸುವ ದಾಖಲೆಗಳ ಬಲದಿಂದ.

ವರದಿಯ ಜೊತೆಗೆ ಬರುವ ಎಚ್, ಎಲ್, ಆರ್1ಎ ಮುಂತಾದ ಗುಂಪಿನ ಹೆಸರನ್ನು ನೋಡಿ ಜಾತಿಯನ್ನಾಗಲಿ ಬೆಡಗನ್ನಾಗಲಿ ಊಹಿಸಬೇಡಿ. ಅವು ಸಾವಿರಾರು ವರ್ಷಗಳ ಹಿಂದಿನ ಕವಲುಗಳಾಗಿದ್ದು, ದಕ್ಷಿಣ ಭಾರತದ ಹಲವು ಸಮುದಾಯಗಳಲ್ಲಿ ಬೆರೆತು ಕಾಣುತ್ತವೆ.

ಪ್ರಶ್ನೆ: ನಾನೂ ನಮ್ಮ ದಾಯಾದಿಗಳೂ ಪರೀಕ್ಷೆ ಮಾಡಿಸಿದೆವು, ಅರ್ಧಕ್ಕರ್ಧ ಗುರುತುಗಳು ತಾಳೆಯಾಗಲಿಲ್ಲ. ಮನೆಯ ಹಿರಿಯರು ನೊಂದಿದ್ದಾರೆ. ಹೆಳವರ ವಂಶಾವಳಿಯೇ ಸುಳ್ಳೇ?
— ಓದುಗರು, ಯಲಬುರ್ಗಾ

ಉತ್ತರ: ಸುಳ್ಳಾಗಬೇಕಾಗಿಲ್ಲ. ಹೆಳವರ ಹೊತ್ತಿಗೆಯಲ್ಲಿರುವುದು ಮನೆತನದ ಲೆಕ್ಕ. ಪ್ರಯೋಗಾಲಯದ್ದು ಗಂಡುಸಾಲಿನ ಲೆಕ್ಕ. ಇವೆರಡೂ ಬೇರೆಯಾಗುವುದಕ್ಕೆ ನಮ್ಮ ಸೀಮೆಯಲ್ಲಿ ಮರ್ಯಾದೆಯ ದಾರಿಗಳೇ ಹಲವಿದ್ದವು. ದತ್ತು ಸ್ವೀಕಾರ ಎಲ್ಲರಿಗೂ ಗೊತ್ತಿರುವುದೇ. ಗಂಡುಮಕ್ಕಳಿಲ್ಲದವರು ಅಳಿಯನನ್ನು ಮನೆಯಲ್ಲಿಯೇ ಇರಿಸಿಕೊಂಡು ಆಸ್ತಿ ಕೊಡುತ್ತಿದ್ದರು. ಬಳ್ಳಾರಿ ಕಡೆಯ ರೆಡ್ಡಿಗಳಲ್ಲಿ ಇದ್ದ ಈ ಇಲ್ಲಟದ ಪದ್ಧತಿಯನ್ನು ಮದ್ರಾಸಿನ ನ್ಯಾಯಾಲಯಗಳೂ ಮನ್ನಿಸಿದ್ದವು. ಉಡಿಕೆಯಾದ (ಮರುಮದುವೆಯಾದ) ತಾಯಿಯ ಜೊತೆಗೆ ಬಂದ ಮಗು ಹೊಸ ಮನೆಯ ಹೆಸರಿನಲ್ಲಿಯೇ ಬೆಳೆದಿರಬಹುದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಮದುವೆ ಮಾಡದೆ ದೇವರ ಹೆಸರಿನಲ್ಲಿ ಬಸವಿ ಬಿಟ್ಟಾಗ ಅವಳ ಗಂಡುಮಕ್ಕಳು ತಾಯಿಯ ತಂದೆಯ ಮನೆತನಕ್ಕೇ ವಾರಸುದಾರರಾಗುತ್ತಿದ್ದರು. ಆ ಪದ್ಧತಿ ಹೆಣ್ಣಿಗೆ ಮಾಡಿದ ಅನ್ಯಾಯವೆಂಬುದರಲ್ಲಿ ನನಗೆ ಸಂಶಯವಿಲ್ಲ, 1982ರ ಕಾಯ್ದೆ ಅದನ್ನು ನಿಷೇಧಿಸಿದ್ದೂ ಸರಿ. ಆದರೆ ಆ ಮಕ್ಕಳ ವಂಶಾವಳಿ ಊರೊಪ್ಪಿದ ವಂಶಾವಳಿಯೇ ಆಗಿತ್ತು.

ಎಲ್ಲಿ ಸಾಲು ಕಡಿದಿದೆ ಎಂದು ತಿಳಿಯುವ ಇಚ್ಛೆ ಇದ್ದರೆ ನಡುವಿನ ಕವಲಿನ ಮೂರನೆಯವರೊಬ್ಬರನ್ನು ಪರೀಕ್ಷಿಸಿ. ಅವರು ನಿಮ್ಮೊಡನೆ ತಾಳೆಯಾದರೆ ಬದಲಾವಣೆ ಆಗಿರುವುದು ದಾಯಾದಿಗಳ ಸಾಲಿನಲ್ಲಿ, ದಾಯಾದಿಗಳೊಡನೆ ತಾಳೆಯಾದರೆ ನಿಮ್ಮ ಸಾಲಿನಲ್ಲಿ. ಹಾಗೆ ಮಾಡುವ ಮೊದಲು ಮೂವರನ್ನೂ ಕೂಡಿಸಿ, ಯಾವ ಉತ್ತರ ಬಂದರೂ ಅದು ಜಗಲಿಗೆ ಬರಬಾರದೆಂದು ಮಾತಾಡಿಕೊಳ್ಳಿ. ಒಬ್ಬನ ಪರೀಕ್ಷೆಯಿಂದ ಅವನ ಕಾಕಾಗಳ, ಅವರ ಮಕ್ಕಳ ಗುಟ್ಟೂ ಹೊರಬೀಳುತ್ತದೆ. ಅವರಾರೂ ನಿಮಗೆ ಒಪ್ಪಿಗೆ ಕೊಟ್ಟಿರುವುದಿಲ್ಲ.

ಪ್ರಶ್ನೆ: ವಾರಸಾ ತಕರಾರಿನಲ್ಲಿ ಈ ವರದಿಯನ್ನು ತಹಶೀಲ್ದಾರರಿಗೆ ಕೊಡಬಹುದೇ?
— ಓದುಗರು, ಮಾನ್ವಿ

ಉತ್ತರ: ಕೊಟ್ಟು ಪ್ರಯೋಜನವಿಲ್ಲ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಸ್ಥಳ ವಿಚಾರಣೆ ಮತ್ತು ಹೇಳಿಕೆಗಳ ಮೇಲೆ ಸಿದ್ಧವಾಗುತ್ತದೆ. ಮನೆಯಲ್ಲಿ ತೆಗೆದು ಅಂಚೆಯಲ್ಲಿ ಕಳಿಸಿದ ಮಾದರಿ ಯಾರದೆಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮೇಲಾಗಿ, ಊರ್ಜಿತವಾದ ಮದುವೆಯ ಅವಧಿಯಲ್ಲಿ ಹುಟ್ಟಿದ ಮಗುವನ್ನು ಕಾನೂನು ಆ ದಂಪತಿಯದೆಂದೇ ಹಿಡಿಯುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 112ನೆಯ ಕಲಮು ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 116ನೆಯದಾಗಿ ಮುಂದುವರಿದಿದೆ. ವಕೀಲರನ್ನು ಕಾಣಿರಿ.

ಪ್ರಶ್ನೆ: ನಾನು ಮನೆಯ ಮಗಳು, ನನಗೆ ಅಣ್ಣತಮ್ಮಂದಿರಿಲ್ಲ, ತಂದೆ ತೀರಿಕೊಂಡಿದ್ದಾರೆ. ಎಂಬತ್ತು ದಾಟಿದ ಕಾಕಾ ಒಬ್ಬರಿದ್ದಾರೆ. ನನ್ನ ಮಗನ ಮಾದರಿ ಕೊಡಬಹುದೇ?
— ಓದುಗರು, ಲಿಂಗಸುಗೂರು

ಉತ್ತರ: ಮಗನದು ಬೇಡ, ಅವನಲ್ಲಿರುವುದು ನಿಮ್ಮ ಯಜಮಾನರ ವಂಶದ ವೈ. ಸೋದರತ್ತೆಯ ಮಗನದೂ ಆಗದು. ಕಾಕಾ ಅವರದೇ ಸರಿಯಾದದ್ದು, ಅವರಿಗೆ ಒಪ್ಪಿಗೆಯಾದರೆ ಸುಗ್ಗಿಯವರೆಗೆ ಕಾಯದೆ ಈ ತಿಂಗಳೇ ಹೋಗಿ ತೆಗೆದುಕೊಳ್ಳಿ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜುವುದಕ್ಕೆ ಒಂದು ಗಂಟೆ ಮೊದಲಿನಿಂದ ಅವರು ಚಹಾ, ಎಲೆಯಡಿಕೆ ಬಿಟ್ಟಿರಬೇಕು. ಆ ಒಂದು ಗಂಟೆ ಅವರ ಅಜ್ಜನ ಅಣ್ಣತಮ್ಮಂದಿರ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಸಾಕಾಗುತ್ತದೆ.