ಬೆಂಕಿ ಇಲ್ದೆ ತಾಮ್ರದ ಪೈಪ್ ಬೆಸುಗೆ

ಪ್ರಶ್ನೆ: ಸರ್, ನಮ್ಮನೆ ಬಾತ್‌ರೂಮಿನ ಬಿಸಿನೀರಿನ ತಾಮ್ರದ ಪೈಪ್ ಜಾಯಿಂಟ್ ಸೋರ್ತಿದೆ, ಪಕ್ಕದಲ್ಲೇ ಮರದ ಚೌಕಟ್ಟಿದೆ, ಗ್ಯಾಸ್ ಟಾರ್ಚ್ ಹಿಡಿಯೋಕೆ ಭಯ. ಕರೆಂಟಿನ ಟೂಲಲ್ಲಿ ಬೆಸುಗೆ ಆಗುತ್ತಾ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಆಗುತ್ತೆ, ಆದ್ರೆ ರೇಡಿಯೋ ರಿಪೇರಿಯ ಸಣ್ಣ ಸೋಲ್ಡರಿಂಗ್ ಐರನ್ ಸಾಲಲ್ಲ, ತಾಮ್ರ ಶಾಖನೆಲ್ಲ ಎಳ್ಕೊಂಡುಬಿಡುತ್ತೆ, ಇಕ್ಕಳದ ಥರ ಪೈಪ್ ಹಿಡಿಯೋ ಕಾರ್ಬನ್ ತುದಿಯ ಟೂಲ್ ಬೇಕು. ಮುಖ್ಯವಾಗಿ ಪೈಪಲ್ಲಿ ನೀರು ನಿಂತಿರ್ಲೇಬಾರ್ದು! ನೀರು 100 ಡಿಗ್ರಿಗೇ ಕುದ್ದು ಶಾಖ ತಿಂದುಬಿಡುತ್ತೆ, ಸೀಸ ಇಲ್ಲದ ಬೆಸುಗೆ ತಂತಿ ಕರಗೋಕೆ ಸುಮಾರು 220-230 ಡಿಗ್ರಿ ಬೇಕು, ಅದಕ್ಕೇ ವಾಲ್ವ್ ಮುಚ್ಚಿ, ನೀರು ಬಸಿದು, ಆವಿ ಹೋಗೋಕೆ ನಲ್ಲಿ ತೆಗೆದಿಡಿ. ಜಾಯಿಂಟ್ ಬಿಚ್ಚಿ ಎಮೆರಿ ಪೇಪರಲ್ಲಿ ಹೊಳೆಯೋವರೆಗೂ ಉಜ್ಜಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯೋಕೆ ಹಚ್ಚೋ ಪೇಸ್ಟ್) ಸವರಿ, ಸೇರಿಸಿ ಕಾಯಿಸಿ. ತಂತಿನ ಟೂಲಿಗಲ್ಲ, ಜಾಯಿಂಟಿಗೇ ಮುಟ್ಟಿಸಿ, ಕರಗಿದ್ದು ಸಂದಿಯೊಳಕ್ಕೆ ತಾನೇ ಹರಿಯುತ್ತೆ. ತಣ್ಣಗಾಗೋವರೆಗೂ ಅಲ್ಲಾಡಿಸ್ಬೇಡಿ, ಮುಟ್ಲೂಬೇಡಿ.